ನಮ್ಮ ಕೆರೆಯ ಚಿತ್ರ ಬರೆಯುವುದು ಹೇಗೆ?



ಜೂನ್ 5 ವಿಶ್ವ ಪರಿಸರ ದಿನ. 1972ರಲ್ಲಿ ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ವಿಶ್ವಸಂಸ್ಥೆಯವರು ಪರಿಸರದ ಬಗ್ಗೆ ದೊಡ್ಡ ಸಮ್ಮೇಳನ ಮಾಡಿದರು. ಅದು ಶುರುವಾದ ದಿನವೇ ಜೂನ್ 5. ಮಾರನೆಯ ವರ್ಷ 1973ರಿಂದ ಆಚರಣೆ ನಡೆಯುತ್ತಾ ಬಂದಿದೆ. ಶಾಲೆಗಳಲ್ಲಿ ಅವತ್ತು ಸಸಿ ನೆಡುತ್ತಾರೆ, ಭಾಷಣ ಇರುತ್ತದೆ, ಆಮೇಲೆ ಚಿತ್ರಕಲಾ ಸ್ಪರ್ಧೆ. ಭಾಷಣ ಸಂಜೆಗೆ ಮರೆತು ಹೋಗುತ್ತದೆ. ಕೈಯಾರೆ ಬರೆದ ಚಿತ್ರ ಮರೆಯೋದಿಲ್ಲ. ಆದ್ದರಿಂದ ಸ್ಪರ್ಧೆ ಇರಲೇಬೇಕು.

ಆದರೆ ನಾವು ಬರೆಯೋ ಚಿತ್ರ ಯಾವುದು? ಎರಡು ಗುಡ್ಡ, ನಡುವೆ ಸೂರ್ಯ, ಒಂದು ಗುಡಿಸಲು, ಒಂದು ತೆಂಗಿನ ಮರ, ಮುಂದೆ ನೀಲಿ ನೀರು. ಇಲ್ಲವೇ ಭೂಮಿಗೆ ಕಣ್ಣು ಮೂಗು ಇಟ್ಟು ಅಳಿಸುತ್ತೇವೆ. ನಮ್ಮೂರಲ್ಲಿ ಆ ಎರಡು ಗುಡ್ಡ ಎಲ್ಲಿವೆ? ಈ ಸಲ ನಮ್ಮ ಕೆರೆಯನ್ನೇ ಬರೆಯೋಣ. ಅದಕ್ಕೆ ಏನೇನು ನೋಡಿಕೊಳ್ಳಬೇಕು ಎಂಬುದೇ ಈ ಪಾಠ.

ಕೆರೆ ಅಂದರೆ ಗುಂಡಗೆ ಗೆರೆ ಎಳೆದು ನೀಲಿ ತುಂಬುವುದಲ್ಲ. ಒಂದು ಕಡೆ ಏರಿ ಇರುತ್ತದೆ. ಅಲೆ ಬಡಿದು ಮಣ್ಣು ಕರಗದ ಹಾಗೆ ಏರಿಯ ಒಳಮೈಗೆ ಕಲ್ಲು ಜೋಡಿಸಿರುತ್ತಾರೆ. ನೀರಿನೊಳಗೆ ಕಲ್ಲುಕಂಬ ನಿಂತಿರುವುದು ತೂಬು. ಗದ್ದೆಗೆ ನೀರು ಬಿಡುವುದು ಅಲ್ಲಿಂದ. ಕೆರೆ ತುಂಬಿ ಹೆಚ್ಚಾದ ನೀರು ಹೊರಗೆ ಹೋಗುವ ಜಾಗ ಕೋಡಿ. ಕೋಡಿ ಏರಿಗಿಂತ ತಗ್ಗಾಗಿರಬೇಕು. ಚಿತ್ರದಲ್ಲಿ ಎರಡನ್ನೂ ಒಂದೇ ಎತ್ತರಕ್ಕೆ ಬರೆದರೆ ದೊಡ್ಡ ಮಳೆಗೆ ನಿಮ್ಮ ಕೆರೆ ಏರಿ ಒಡೆದು ಹೋಗುತ್ತದೆ! ಕೋಡಿ ಬಿದ್ದ ನೀರು ಕಾಲುವೆಯಲ್ಲಿ ಹರಿದು ಕೆಳಗಿನ ಊರಿನ ಕೆರೆ ಸೇರುತ್ತದೆ. ಕಾಲುವೆಗೆ ಕಸ ಸುರಿದರೆ ಆ ಊರಿಗೂ ನೀರಿಲ್ಲ.

ಈಗ ನೀರಿನ ಬಣ್ಣ. ಮಳೆ ಬಂದ ಮೇಲೆ ಕೆಂಪಗಿರುತ್ತದೆ, ಯಾಕೆಂದರೆ ಮೇಲಿನ ಹೊಲಗಳ ಮಣ್ಣು ಕೊಚ್ಚಿಕೊಂಡು ಬಂದಿರುತ್ತದೆ. ಆ ಮಣ್ಣೇ ತಳದಲ್ಲಿ ಕೂತು ಹೂಳಾಗುತ್ತದೆ. ಬೇಸಿಗೆಯಲ್ಲಿ ಹಸಿರು. ಚರಂಡಿ ನೀರು, ಹೊಲದ ಗೊಬ್ಬರ ಸೇರಿದರೆ ಪಾಚಿ ಕೊಬ್ಬುತ್ತದೆ. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತವೆ. ಬಣ್ಣ ಹಚ್ಚುವ ಮುಂಚೆ ಯಾಕೆ ಈ ಬಣ್ಣ ಅಂತ ಕೇಳಿದರೆ ಅರ್ಧ ವಿಜ್ಞಾನ ಪಾಠ ಅಲ್ಲೇ ಮುಗಿಯುತ್ತದೆ.

ಬಿಳಿ ಹಕ್ಕಿಗಳನ್ನೆಲ್ಲಾ ನಾವು ಕೊಕ್ಕರೆ ಅಂದುಬಿಡುತ್ತೇವೆ. ಕೊಕ್ಕು ಕಪ್ಪು, ಕಾಲು ಕಪ್ಪು, ಕಾಲ್ಬೆರಳು ಮಾತ್ರ ಹಳದಿ ಇದ್ದರೆ ಅದು ಬೆಳ್ಳಕ್ಕಿ. ದನಗಳ ಹಿಂದೆ ಹುಳ ಹಿಡಿಯುತ್ತಾ ಓಡಾಡುವುದು ಗೋವಕ್ಕಿ, ಅದರ ಕೊಕ್ಕು ಹಳದಿ. ತಂತಿ ಮೇಲೆ ಕೂರುವ ಮಿಂಚುಳ್ಳಿಗೆ ತಲೆ ಕಂದು, ಎದೆ ಬಿಳಿ, ಬೆನ್ನು ನೀಲಿ, ಕೊಕ್ಕು ಕೆಂಪು.

ದಡದಲ್ಲಿರುವ ಪ್ಲಾಸ್ಟಿಕ್ ಚೀಲ, ಹಬ್ಬ ಕಳೆದರೂ ಕರಗದೆ ಉಳಿದ ಪ್ಲಾಸ್ಟರ್ ಗಣಪತಿಯ ಕೈಕಾಲು, ಇವನ್ನೂ ಬರೆಯಬೇಕೆ? ಚಿತ್ರ ಅಂದಗೆಡುತ್ತದೆ ಅಂತ ಕೆಲವರು ಹೇಳ್ತಾರೆ. ಬರೆಯಬೇಕು ಅಂತ ನಾನು ಹೇಳುತ್ತೇನೆ. ಕೆರೆಯಲ್ಲಿ ಇರುವುದು ಹಾಳೆಯಲ್ಲೂ ಇರಲಿ.

ಬಣ್ಣದ ಪೆಟ್ಟಿಗೆ ಇಲ್ಲ ಅಂತ ಯಾರೂ ಹಿಂದೆ ಉಳಿಯಬೇಡಿ. ಸಾಗರದ ಕಡೆ ದೀವರ ಹೆಂಗಸರು ಗೋಡೆ ಮೇಲೆ ಹಸೆ ಚಿತ್ತಾರ ಬರೆಯುತ್ತಾರೆ. ಅಕ್ಕಿ ಅರೆದು ಬಿಳಿ, ಅಕ್ಕಿ ಹುರಿದು ಕರಕು ಮಾಡಿ ಕಪ್ಪು, ಕೆಮ್ಮಣ್ಣಿನಿಂದ ಕೆಂಪು, ಪುಂಡಿ ನಾರೇ ಕುಂಚ. ನಮ್ಮಲ್ಲೂ ಅರಿಸಿನ ಇದೆ. ಅದಕ್ಕೆ ಸುಣ್ಣ ಬೆರೆಸಿದರೆ ಆರತಿ ನೀರಿನ ಕೆಂಪು ಬರುತ್ತದೆ. ಇದ್ದಿಲು ಉಂಟು. ಅವರೆ ಎಲೆ ತಿಕ್ಕಿದರೆ ಹಸಿರು.

ಗುರುಗಳಲ್ಲಿ ಒಂದು ವಿನಂತಿ. ಸ್ಪರ್ಧೆಯ ಹಿಂದಿನ ದಿನ ನಮ್ಮನ್ನು ಏರಿ ಮೇಲೆ ಒಂದು ಗಂಟೆ ಕೂರಿಸಿ. ಅಂದಕ್ಕೆ ಅರ್ಧ ಅಂಕ, ಸರಿಯಾಗಿ ನೋಡಿದ್ದಕ್ಕೆ ಅರ್ಧ ಅಂಕ ಕೊಡಿ. ಬಹುಮಾನ ಬಂದ ಚಿತ್ರ ಮಾತ್ರವಲ್ಲ, ಎಲ್ಲಾ ಚಿತ್ರಗಳನ್ನೂ ಪಂಚಾಯಿತಿಯ ಮಕ್ಕಳ ಗ್ರಾಮ ಸಭೆಯಲ್ಲಿ ತೂಗು ಹಾಕೋಣ. ಕೆರೆ ಕಸದ ಬಗ್ಗೆ ಮಾತಾಡಲು ನಮಗೆ ಅಂಜಿಕೆಯಾದರೂ ಚಿತ್ರಕ್ಕೆ ಅಂಜಿಕೆ ಇಲ್ಲ.

ನೋಡಲು ಹೋಗುವವರು ಒಬ್ಬೊಬ್ಬರೇ ಹೋಗಬೇಡಿ, ದೊಡ್ಡವರ ಜೊತೆ ಹೋಗಿ. ಏರಿ ಮೇಲೆ ಕೂತೇ ಬರೆಯಿರಿ. ತೂಬಿನ ಹತ್ತಿರ ಆಳ ಜಾಸ್ತಿ.