ಖಾಲಿ ಜಾಗದ ತೋಟ

ನ್ಯೂಯಾರ್ಕ್ ಅಮೆರಿಕದ ದೊಡ್ಡ ಪಟ್ಟಣ. ಅಲ್ಲೂ ಬಡವರ ಕೇರಿಗಳಿವೆ. 1970ರ ನಂತರ ಆ ಕೇರಿಗಳಿಗೆ ಕೆಟ್ಟ ಕಾಲ ಬಂತು. ಎಷ್ಟೋ ಮಾಲೀಕರು ಕಂದಾಯ ಕಟ್ಟದೆ ಮನೆಗಳನ್ನು ಬಿಟ್ಟುಹೋದರು. ಮನೆಗಳು ಸುಟ್ಟವು, ಬಿದ್ದವು. ಜಾಗ ನಗರಸಭೆಯ ಪಾಲಾಯಿತು. ಆದರೆ ನೋಡಿಕೊಳ್ಳುವವರು ಯಾರು? ಎಲ್ಲಿ ನೋಡಿದರೂ ಕಸ, ಒಡೆದ ಗಾಜು, ಹೆಗ್ಗಣ.

ಲಿಜ್ ಕ್ರಿಸ್ಟಿ ಅಲ್ಲಿಯ ಒಬ್ಬ ಹೆಣ್ಣುಮಗಳು. ಚಿತ್ರ ಬರೆಯುವವರು. 1973ರಲ್ಲಿ ಅವರು ನೆರೆಯವರನ್ನು ಕೂಡಿಸಿದರು. ಎಲ್ಲರೂ ಸೇರಿ ಬೀದಿಮೂಲೆಯ ಒಂದು ಖಾಲಿ ಜಾಗದ ಕಸ ಎತ್ತಿದರು. ಬೇಲಿ ಹಾಕಿದ ಜಾಗಕ್ಕೆ ಏನು ಮಾಡಿದರು ಗೊತ್ತೇ? ಬಲೂನಿನಲ್ಲಿ ಬೀಜ, ಗೊಬ್ಬರ, ನೀರು ತುಂಬಿ ಬೇಲಿಯಾಚೆ ಎಸೆದರು!

ಇಟ್ಟಿಗೆ ಚೂರಿನ ನೆಲದಲ್ಲಿ ಬೆಳೆ ಬರುತ್ತದೆಯೇ? ಅದಕ್ಕೇ ಒಳ್ಳೆಯ ಮಣ್ಣು ಹಾಕಿ ಎತ್ತರದ ಮಡಿ ಮಾಡಿದರು. ತರಕಾರಿ ಹಾಕಿದರು. ಇದು ನಮಗೂ ಬೇಕಾದ ಮಾತು. ಹಳೇ ಕಟ್ಟಡ ಬಿದ್ದ ಜಾಗದ ಮಣ್ಣಿನಲ್ಲಿ ಗೋಡೆ ಬಣ್ಣದ ಸೀಸ ಸೇರಿರಬಹುದು. ಸೀಸ ವಿಷ. ಮಕ್ಕಳ ಮಿದುಳಿಗೆ ಕೆಡುಕು. ಅಂಥ ಕಡೆ ಸೊಪ್ಪು, ಗೆಡ್ಡೆಗಳನ್ನು ಬೇರೆ ಮಣ್ಣು ತಂದು ಬೆಳೆಯಬೇಕು.

1974ರಲ್ಲಿ ನಗರಸಭೆ ಆ ಜಾಗವನ್ನು ಬಾಡಿಗೆಗೆ ಕೊಟ್ಟಿತು. ತಿಂಗಳಿಗೆ ಒಂದೇ ಡಾಲರ್!

ಬೇರೆ ಕೇರಿಗಳಲ್ಲೂ ಇಂಥ ತೋಟಗಳು ಎದ್ದವು. ಪೋರ್ಟೊ ರಿಕೊ ದ್ವೀಪದಿಂದ ದುಡಿಯಲು ಬಂದವರು ಮೆಣಸಿನಕಾಯಿ, ಬೀನ್ಸ್ ಹಾಕಿದರು. ತೋಟದಲ್ಲೇ ಮರದ ಪುಟ್ಟ ಮನೆ ಕಟ್ಟಿಕೊಂಡರು. ಅಲ್ಲಿ ಹರಟೆ, ಹಾಡು, ಮಕ್ಕಳ ಆಟ, ಹಬ್ಬದ ಊಟ. ನಮ್ಮೂರ ಅರಳಿಕಟ್ಟೆ ಅನ್ನಿ. ಆದರೆ ಈ ಕಟ್ಟೆಯಲ್ಲಿ ಹೆಂಗಸರೂ ಕೂರುತ್ತಿದ್ದರು.

ಬೆವರು ಜನರದು. ನೆಲ ಮಾತ್ರ ನಗರಸಭೆಯದು. ಕೇರಿಗಳು ಸುಧಾರಿಸಿದವು, ನೆಲದ ಬೆಲೆ ಏರಿತು. 1999ರಲ್ಲಿ ನಗರಸಭೆ 114 ತೋಟಗಳನ್ನು ಹರಾಜಿಗೆ ಇಟ್ಟಿತು. ಮನೆ ಕಟ್ಟಲು ಜಾಗ ಬೇಕು ಎಂದಿತು. ಮನೆಯಿಲ್ಲದವರು ಅಲ್ಲಿ ಬಹಳ, ಅದೂ ಸುಳ್ಳಲ್ಲ. ಆದರೆ ತೋಟ ಮಾಡಿದವರನ್ನು ಕೇಳಬೇಡವೇ? ಜನ ಬೀದಿಗಿಳಿದರು, ಕೋರ್ಟಿಗೂ ಹೋದರು. ಕೊನೇ ಗಳಿಗೆಯಲ್ಲಿ ಎರಡು ಸಂಸ್ಥೆಗಳು ದುಡ್ಡು ಕೊಟ್ಟು ಆ ತೋಟಗಳನ್ನು ಕೊಂಡು ಉಳಿಸಿದವು.

ಎಲ್ಲ ತೋಟಕ್ಕೂ ಆ ಭಾಗ್ಯ ಇರಲಿಲ್ಲ. ಎಸ್ಪೆರಾನ್ಸ ಎಂಬ ತೋಟ ಇತ್ತು. ಆ ಹೆಸರಿಗೆ ಭರವಸೆ ಎಂದು ಅರ್ಥ. ಇಪ್ಪತ್ತು ವರ್ಷಕ್ಕೂ ಹಳೆಯದು. 2000ದ ಫೆಬ್ರವರಿಯಲ್ಲಿ ಬುಲ್ಡೋಜರ್ ಬಂತು. ಜನ ಸರಪಳಿಯಿಂದ ತಮ್ಮನ್ನು ಕಟ್ಟಿಕೊಂಡು ಕೂತರು. ಪೊಲೀಸರು ಎಳೆದುಹಾಕಿದರು. ಅದೇ ದಿನ ಕೋರ್ಟು ತಡೆಯಾಜ್ಞೆ ಕೊಟ್ಟಿತು. ಅಷ್ಟು ಹೊತ್ತಿಗೆ ತೋಟ ನೆಲಸಮ ಆಗಿತ್ತು.

2002ರಲ್ಲಿ ರಾಜಿ ಆಯಿತು. ನೂರಾರು ತೋಟ ಉಳಿದವು, ಕೆಲವು ಹೋದವು. ಲಿಜ್ ಕ್ರಿಸ್ಟಿ 1985ರಲ್ಲಿ ತೀರಿಕೊಂಡರು. ಅವರ ತೋಟ ಅವರ ಹೆಸರಿನಲ್ಲೇ ಇಂದಿಗೂ ಇದೆ.

ನಿಮ್ಮ ಬೀದಿಯಲ್ಲಿ ಖಾಲಿ ಜಾಗ ಇದೆಯೇ? ಅದು ಯಾರ ಹೆಸರಲ್ಲಿದೆ? ನಗರಸಭೆ ಕಚೇರಿಗೆ ನಾಲ್ಕು ಜನ ಸೇರಿ ಹೋಗಿ, ವಿಚಾರಿಸಿ. ತೋಟಕ್ಕೆ ಒಪ್ಪಿಗೆ ಕೊಟ್ಟರೆ ಬರಹದಲ್ಲಿ ಕೇಳಿ. ಎಷ್ಟು ವರ್ಷಕ್ಕೆ ಎಂಬ ಸಾಲನ್ನು ನೀವೇ ಓದಿ, ಆಮೇಲೆ ಸಹಿ ಮಾಡಿ.