ಓಲೆ ಬಿಚ್ಚಿಟ್ಟರೆ ದೇವರು ಒಲಿಯುತ್ತಾನೆಯೇ?

ಪ್ರಶ್ನೆ: ನಮ್ಮದು ಬಡಗ ಕ್ರೈಸ್ತ ಮನೆತನ. ತವರು ನೀಲಗಿರಿಯ ಕೇತಿ, ಈಗ ಅಲ್ಲೇ ಹತ್ತಿರದ ವೆಲ್ಲಿಂಗ್ಟನ್‌ನಲ್ಲಿದ್ದೇವೆ. ಎರಡು ವರ್ಷದಿಂದ ಒಂದು ಪ್ರಾರ್ಥನಾ ಗುಂಪಿಗೆ ಹೋಗುತ್ತಿದ್ದೇವೆ. ಅಲ್ಲಿ ಒಡವೆ ಹಾಕಬಾರದು, ಹೂ ಮುಡಿಯಬಾರದು, ಶುಕ್ರವಾರದ ಉಪವಾಸ ತಪ್ಪಿಸಬಾರದು, ನಸುಕಿಗೆ ಎದ್ದು ಪ್ರಾರ್ಥಿಸಲೇಬೇಕು. ನಮ್ಮ ಬಡಗರ ಊರಾದ ಹಟ್ಟಿಯಲ್ಲಿ ಕ್ರೈಸ್ತರಲ್ಲದ ಚಿಕ್ಕಪ್ಪನ ಮಗಳ ಮದುವೆಗೂ ಹೋಗಬೇಡಿ, ಆ ಊಟ ಅಶುದ್ಧ ಎಂದಿದ್ದಾರೆ. ಜ್ವರದಲ್ಲಿ ಉಪವಾಸ ಬಿಟ್ಟ ರಾತ್ರಿ, ದೇವರು ಶಿಕ್ಷಿಸುತ್ತಾನೆಂದು ನಿದ್ದೆಯೇ ಬರಲಿಲ್ಲ. ಹದಿನಾರರ ಮಗಳು ಬಸ್ ನಿಲ್ದಾಣದಲ್ಲಿ ಓಲೆ ಹಾಕಿಕೊಂಡು, ಮನೆಗೆ ಬರುವ ಮುಂಚೆ ಬಿಚ್ಚಿಡುತ್ತಾಳೆ. ನನ್ನ ವಿಶ್ವಾಸದಲ್ಲೇ ಕೊರತೆಯಿದೆಯೇ?
— ಹೆಸರು ಬೇಡ, ವೆಲ್ಲಿಂಗ್ಟನ್

ಉತ್ತರ: ಸಹೋದರಿ, ನಿಮ್ಮ ವಿಶ್ವಾಸಕ್ಕೆ ಏನೂ ಆಗಿಲ್ಲ. ಬೇರೆಯವರು ಅದರ ಮೇಲೆ ಹೇರಿದ ಹೊರೆ ಭಾರವಾಗಿದೆ.

ಈ ಹೊರೆಯ ಜಗಳ ಸಭೆಯಷ್ಟೇ ಹಳೆಯದು. ಯೆಹೂದ್ಯರಲ್ಲದವರು ಕ್ರಿಸ್ತನನ್ನು ನಂಬಿ ಬಂದಾಗ, ಸುನ್ನತಿಯಿಲ್ಲದೆ ರಕ್ಷಣೆಯಿಲ್ಲ ಎಂದು ಕೆಲವರು ಹಟ ಹಿಡಿದರು. ಯೆರೂಸಲೇಮಿನಲ್ಲಿ ಸೇರಿದ ಅಪೊಸ್ತಲರು, ಹಿರಿಯರು ಅದನ್ನು ಒಪ್ಪಲಿಲ್ಲ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಪೌಲ ಅಷ್ಟೊಂದು ಸಿಟ್ಟಾದದ್ದೂ ಇದಕ್ಕೇ. ಕೃಪೆಗೆ ಷರತ್ತು ಸೇರಿಸಿದರೆ ಕ್ರಿಸ್ತನ ಮರಣ ಸಾಲದು ಎಂದಂತಾಗುತ್ತದೆ.

ಉಪವಾಸ, ನಸುಕಿನ ಪ್ರಾರ್ಥನೆ ಒಳ್ಳೆಯವೇ; ಯೇಸುವೂ ಮಾಡಿದ. ದೇವರ ಜೊತೆ ಇರುವ ಆಸೆಯಿಂದ ಎದ್ದರೆ ಅದು ಭಕ್ತಿ. ಏಳದಿದ್ದರೆ ಹೊಡೆಯುತ್ತಾನೆಂದು ಎದ್ದರೆ ಅದು ಗುಲಾಮಗಿರಿ. ಆ ಗುಲಾಮಗಿರಿಯಲ್ಲಿ ನಿಯಮ ತಪ್ಪಿದ ದಿನ ಭಯ ಕಾಡುತ್ತದೆ. ಪಾಲಿಸಿದ ದಿನ ಸುಂಕದವನನ್ನು ಹೀಗಳೆದ ಫರಿಸಾಯನಂತೆ ಪಕ್ಕದವರ ಮೇಲೆ ತಾತ್ಸಾರ ಹುಟ್ಟುತ್ತದೆ. ಮಕ್ಕಳಂತೂ ಮುಚ್ಚಿಡುವುದನ್ನು ಕಲಿಯುತ್ತಾರೆ. ನಿಮ್ಮ ಮಗಳ ವಿಷಯದಲ್ಲಿ ನನಗೆ ಚಿಂತೆಯಾದದ್ದು ಇದೇ. ಇಂದು ಓಲೆ ಮುಚ್ಚಿಡುವವಳು ನಾಳೆ ನಿಜವಾದ ಕಷ್ಟ ಬಂದರೂ ನಿಮಗೆ ಹೇಳಲಿಕ್ಕಿಲ್ಲ. ಮನೆಯಲ್ಲೂ ಓಲೆ ಹಾಕಿಕೋ ಎಂದು ನೀವೇ ಹೇಳಿ.

ಒಡವೆ ಬೇಡವೆಂದು ಪೇತ್ರನೇ ಬರೆದಿದ್ದಾನಲ್ಲ ಎಂದು ಗುಂಪಿನವರು ಕೇಳಬಹುದು. ಅವನು ಅದೇ ಮಾತಿನಲ್ಲಿ ಬಟ್ಟೆ ಉಡುವುದನ್ನೂ ಸೇರಿಸಿದ್ದಾನೆ. ಅದಕ್ಕಾಗಿ ಯಾರೂ ಬಟ್ಟೆ ಬಿಟ್ಟಿಲ್ಲ. ಒಳಗಿನ ಶೃಂಗಾರ ದೊಡ್ಡದು ಎಂಬುದೇ ಅವನು ಹೇಳಿದ್ದು.

ಮದುವೆಗೆ ಖಂಡಿತ ಹೋಗಿ. ವಿಶ್ವಾಸಿಗಳಲ್ಲದವರು ಊಟಕ್ಕೆ ಕರೆದರೆ, ಮನಸ್ಸಿದ್ದವರು ಹೋಗಿ ಬಡಿಸಿದ್ದನ್ನು ಉಣ್ಣಲಿ ಎಂದು ಪೌಲ ಕೊರಿಂಥದವರಿಗೆ ಹೇಳಿದ್ದಾನೆ. ನಿಮ್ಮ ಊರಿನ ಚರಿತ್ರೆಯನ್ನೂ ನೆನೆಯಿರಿ. ಕ್ರೈಸ್ತ ಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಷನ್ ನಿಮ್ಮ ಕೇತಿಗೆ ಬಂದದ್ದು 1846ರಲ್ಲಿ. ಮೊದಲ ಬಡಗ ದೀಕ್ಷಾಸ್ನಾನ ಆದದ್ದು 1858ರಲ್ಲಿ. ಆಗ ಕ್ರೈಸ್ತರಾದವರು ತಮ್ಮವರದೇ ವಿರೋಧ ಎದುರಿಸಬೇಕಾಯಿತು. ಇಂದು ಹಟ್ಟಿಯವರೇ ಪ್ರೀತಿಯಿಂದ ಕರೆಯುವಾಗ ನೀವು ಬಾಗಿಲು ಹಾಕಿಕೊಳ್ಳುವುದೇಕೆ?

ಯಜಮಾನರ ಜೊತೆ ಕುಳಿತು ಗುಂಪಿನ ನಿಯಮಗಳನ್ನೆಲ್ಲ ಬರೆಯಿರಿ. ಯಾವುದು ಕ್ರಿಸ್ತನ ಆಜ್ಞೆ, ಯಾವುದು ಗುಂಪಿನ ರೂಢಿ ಎಂದು ಬೈಬಲ್ ತೆರೆದು ನೋಡಿ. ರೂಢಿಯಿಂದ ಒಳಿತಾಗಿದ್ದರೆ ಇಟ್ಟುಕೊಳ್ಳಿ. ಇಲ್ಲದಿದ್ದರೆ ನಿಶ್ಚಿಂತೆಯಿಂದ ಬಿಡಿ. ನಿಮ್ಮ ಸಭಾಪಾಲಕರ ಹತ್ತಿರವೂ ಮಾತಾಡಿ. ಭಯದಿಂದ ನಿದ್ದೆಗೆಡುವುದು ಮುಂದುವರಿದರೆ ವೈದ್ಯರನ್ನು ಕಾಣಿ, ಅದು ಅವಿಶ್ವಾಸವಲ್ಲ. ಗುಂಪಿನ ಮುಖ್ಯಸ್ಥರನ್ನೂ ಧೈರ್ಯವಾಗಿ ಪ್ರಶ್ನಿಸಿ. ಪ್ರಶ್ನೆ ಕೇಳಿದ್ದಕ್ಕೇ ಅವರು ಶಾಪದ ಮಾತಾಡಿದರೆ ಆ ಗುಂಪನ್ನು ಬಿಟ್ಟುಬಿಡಿ. ಅದನ್ನು ಬಿಟ್ಟರೆ ಕ್ರಿಸ್ತನನ್ನು ಬಿಟ್ಟಂತಲ್ಲ.