ತೊರೆ, ಗುಡುಗು, ಕುರಿಗಾಹಿಯ ಹಾಡು: ‘ಪ್ಯಾಸ್ಟೋರಲ್’ ಕೇಳಿಸುತ್ತಾ ಕಲಿತದ್ದು

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಬೇಕು, ಎಲ್ಲಿಂದ ಶುರು ಮಾಡಲಿ ಎಂದು ಯಾರೇ ಕೇಳಿದರೂ ನಾನು ಹೇಳುವುದು ಒಂದೇ: ಬೀಥೋವನ್‌ನ ಆರನೇ ಸಿಂಫನಿ, ‘ಪ್ಯಾಸ್ಟೋರಲ್’. ಕರ್ನಾಟಕ ಸಂಗೀತವನ್ನೇ ಕೇಳಿ ಬೆಳೆದ ಗೆಳೆಯರಿಗೆ, ಅವರ ಮಕ್ಕಳಿಗೆ, ಸಿನಿಮಾ ಹಾಡು ಬಿಟ್ಟು ಬೇರೇನೂ ಕೇಳದವರಿಗೆ ಇದನ್ನು ಮನೆಯ ಹಜಾರದಲ್ಲಿ ಕೂರಿಸಿ ಕೇಳಿಸುತ್ತಾ ಬಂದಿದ್ದೇನೆ. ಸುಮಾರು 40 ನಿಮಿಷದ ಕೃತಿ. ಅದನ್ನು ಕೇಳಿಸುವಾಗ ತಿಳಿದುಬಂದ ಕೆಲವು ಸಂಗತಿಗಳು ಇಲ್ಲಿವೆ.

1. ಚಿತ್ರ ಹುಡುಕಬೇಡಿ

ಐದು ಭಾಗಗಳಿಗೂ ಬೀಥೋವನ್ ಶೀರ್ಷಿಕೆ ಕೊಟ್ಟಿದ್ದಾನೆ. ಹಳ್ಳಿಗೆ ಬಂದಾಗ ಏಳುವ ಉಲ್ಲಾಸ, ತೊರೆಯ ದಂಡೆ, ಹಳ್ಳಿಗರ ಕೂಟ, ಗುಡುಗು-ಬಿರುಗಾಳಿ, ಮಳೆ ನಿಂತ ಮೇಲೆ ಕುರಿಗಾಹಿಯ ಹಾಡು. ಇವನ್ನು ಮೊದಲೇ ಹೇಳಿಬಿಟ್ಟರೆ ಹೊಸಬರು ಸಂಗೀತವನ್ನು ಬಿಟ್ಟು ತೊರೆ ಎಲ್ಲಿ, ಕುರಿ ಎಲ್ಲಿ ಎಂದು ಹುಡುಕಲು ಹೊರಡುತ್ತಾರೆ. ಬೀಥೋವನ್‌ಗೇ ಈ ಅಳುಕಿತ್ತು. ಇದು ಚಿತ್ರಣಕ್ಕಿಂತ ಹೆಚ್ಚಾಗಿ ಭಾವದ ಅಭಿವ್ಯಕ್ತಿ ಎಂಬ ಸೂಚನೆಯನ್ನು ಅವನೇ ಸೇರಿಸಿದ್ದ. ಹಾಗಾಗಿ ಮೊದಲ ಸಲ ಶೀರ್ಷಿಕೆಗಳಿಲ್ಲದೆ ಕೇಳಿಸುತ್ತೇನೆ. 1940ರ ಡಿಸ್ನಿ ಚಿತ್ರ ‘ಫ್ಯಾಂಟೇಸಿಯಾ’ದಲ್ಲಿ ಈ ಸಿಂಫನಿಯನ್ನು ಮೊಟಕುಗೊಳಿಸಿ, ಗ್ರೀಕ್ ಪುರಾಣದ ರೆಕ್ಕೆಯ ಕುದುರೆಗಳ ಜೊತೆ ತೋರಿಸಿದ್ದಾರೆ. ಮಕ್ಕಳಿಗೆ ಅದನ್ನು ಆಮೇಲೆ ತೋರಿಸಿ.

2. ತಳದಲ್ಲಿರುವ ಶ್ರುತಿಯನ್ನು ಹಿಡಿದುಕೊಳ್ಳಿ

ನಮ್ಮವರಿಗೆ ಈ ಕೃತಿ ಬೇಗ ಒಲಿಯಲು ಕಾರಣ ಮೊದಲ ಕ್ಷಣದಲ್ಲೇ ಇದೆ. ವಯೋಲಾ, ಚೆಲ್ಲೋಗಳು ಎಫ್ ಮತ್ತು ಸಿ ಸ್ವರಗಳನ್ನು ಹಿಡಿದು ನಿಲ್ಲುತ್ತವೆ. ನಮ್ಮ ಲೆಕ್ಕದಲ್ಲಿ ಅದು ಷಡ್ಜ-ಪಂಚಮ. ಯುರೋಪಿನ ಹಳ್ಳಿಯ ಬ್ಯಾಗ್‌ಪೈಪಿನ ನಾದವನ್ನು ಬೀಥೋವನ್ ಇಲ್ಲಿ ಎತ್ತಿಕೊಂಡಿದ್ದಾನೆ. ತಂಬೂರಿಗೆ ಒಗ್ಗಿದ ಕಿವಿಗೆ ಅದರ ಪರಿಚಯ ಮಾಡಿಕೊಡಬೇಕಾಗಿಲ್ಲ. ಅದರ ಮೇಲೆ ಪಿಟೀಲುಗಳು ಒಂದು ಪುಟ್ಟ ಧಾಟಿ ನುಡಿಸಿ ನಾಲ್ಕನೇ ಬಾರ್‌ನಲ್ಲೇ ನಿಂತುಬಿಡುತ್ತವೆ.

ಅಲ್ಲಿಂದಾಚೆಗೆ ಬರುವುದು ಪುನರಾವರ್ತನೆ. ಸ್ವಲ್ಪ ಹೊತ್ತಿನಲ್ಲೇ ಒಂದೇ ಬಾರ್‌ನ ಒಂದು ತುಣುಕು ಸತತವಾಗಿ 10 ಸಲ ಬರುತ್ತದೆ, ಉಬ್ಬುತ್ತಾ, ಮತ್ತೆ ಇಳಿಯುತ್ತಾ. ಮೊದಲ ಭಾಗದ ನಡುವೆ ಇದು ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಎರಡನೇ ಬಾರ್‌ನ ಒಂದು ಸಣ್ಣ ಸ್ವರಗುಚ್ಛವನ್ನು ಎತ್ತಿಕೊಂಡು ಬಿ ಫ್ಲ್ಯಾಟ್ ಸ್ವರಮೇಳದ ಮೇಲೆ ತಿರುತಿರುಗಿ ನುಡಿಸುತ್ತಾರೆ. ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ಸ್ವರಮೇಳ ಒಮ್ಮೆಲೇ ಡಿ ಮೇಜರ್‌ಗೆ ಜರುಗುತ್ತದೆ. ಗುಚ್ಛ ಅದೇ, ಬೆಳಕು ಬೇರೆ.

ಹೊಸಬರು ಚಡಪಡಿಸುವುದು ಇಲ್ಲಿಯೇ. ನೆರವಲಿನಲ್ಲಿ ಸಾಹಿತ್ಯದ ಸಾಲು ಅದೇ ಇದ್ದು ಸಂಗೀತ ಬದಲಾಗುತ್ತಾ ಹೋಗುತ್ತದಲ್ಲ, ಇಲ್ಲಿ ಧಾಟಿ ಅದೇ ಇದ್ದು ಅದರ ಕೆಳಗಿನ ಸ್ವರಮೇಳ, ಅದನ್ನು ನುಡಿಸುವ ವಾದ್ಯ, ನಾದದ ಗಾತ್ರ ಬದಲಾಗುತ್ತವೆ ಎಂದು ಅವರಿಗೆ ಹೇಳುತ್ತೇನೆ. ಕಿವಿಯನ್ನು ಮೇಲಿನ ಪಿಟೀಲಿನಿಂದ ಕೆಳಕ್ಕೆ ಇಳಿಸಿದರೆ ಅದೇ ಜಾಗ ತುಂಬಿಕೊಂಡು ಕೇಳಿಸುತ್ತದೆ. ನನ್ನ ಮಟ್ಟಿಗೆ ಪ್ಯಾಸ್ಟೋರಲ್‌ನ ಸಂತೋಷ ಅದರ ಹಕ್ಕಿಗಳಲ್ಲಿಲ್ಲ. ಅವಸರವೇ ಇಲ್ಲದೆ ಒಂದೇ ಜಾಗದಲ್ಲಿ ಉಳಿಯುವ ಈ ಧೈರ್ಯದಲ್ಲಿದೆ.

3. ಧ್ವನಿಯ ಮಟ್ಟವನ್ನು ಬಿರುಗಾಳಿಗೆ ಹೊಂದಿಸಿ

ಮೊದಲು ನಾಲ್ಕನೇ ಭಾಗ ಹಾಕಿ. ಅದರ ಅತಿ ಜೋರಿನ ಜಾಗ ಕಿವಿಗೆ ಹೊಡೆಯದಷ್ಟು ವಾಲ್ಯೂಮ್ ಇಟ್ಟು, ಆಮೇಲೆ ಆರಂಭಕ್ಕೆ ಬನ್ನಿ. ಶುರುವಿನ ಪಿಟೀಲು ಮೆತ್ತಗಿದೆ ಎಂದು ಏರಿಸಿದರೆ ಮುಂದೆ ಎದ್ದುಹೋಗಿ ತಗ್ಗಿಸಬೇಕಾಗುತ್ತದೆ. ಫ್ಯಾನ್ ಆರಿಸಿ; ಎರಡನೇ ಭಾಗದಲ್ಲಿ ತೊರೆಯ ಹರಿವನ್ನು ನುಡಿಸುವ ಎರಡು ಚೆಲ್ಲೋಗಳು ಮ್ಯೂಟ್ ಹಾಕಿಕೊಂಡಿರುತ್ತವೆ, ಫ್ಯಾನಿನ ಸದ್ದಿನಲ್ಲಿ ಅವು ಮುಳುಗಿಹೋಗುತ್ತವೆ. ಮೊಬೈಲಿನ ಸ್ಪೀಕರ್ ಬೇಡ. ಸಾಧಾರಣ ಹೆಡ್‌ಫೋನ್ ಆದರೂ ಸಾಕು.

4. ಕೊನೆಯ ಮೂರು ಭಾಗಗಳ ನಡುವೆ ಬಿರುಕು ಬೀಳದಂತೆ ನೋಡಿಕೊಳ್ಳಿ

ಮೂರು, ನಾಲ್ಕು, ಐದನೇ ಭಾಗಗಳು ನಿಲ್ಲದೆ ಸಾಗುತ್ತವೆ. ಹಳ್ಳಿಗರ ಕುಣಿತ ರಭಸಕ್ಕೇರಿ ತಟ್ಟನೆ ತುಂಡಾಗುತ್ತದೆ, ಚೆಲ್ಲೋ-ಬಾಸ್‌ಗಳು ತಗ್ಗಿನಲ್ಲಿ ಗುಡುಗುಟ್ಟತೊಡಗುತ್ತವೆ. ಆ್ಯಪ್ ಅಲ್ಲಿ ಅರೆ ಸೆಕೆಂಡ್ ಮೌನ ಸೇರಿಸಿದರೂ ಎದೆಗೆ ತಟ್ಟಬೇಕಾದದ್ದು ತಟ್ಟುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ‘ಗ್ಯಾಪ್‌ಲೆಸ್’ ಆನ್ ಇರಲಿ, ‘ಕ್ರಾಸ್‌ಫೇಡ್’ ಮತ್ತು ‘ಶಫಲ್’ ಆಫ್ ಇರಲಿ.

5. ಆ ಕುಕೂ ನಮ್ಮ ಕೋಗಿಲೆಯಲ್ಲ

ಎರಡನೇ ಭಾಗದ ಕೊನೆಗೆ ಮೂರು ಹಕ್ಕಿಗಳು ಕೂಗುತ್ತವೆ: ಕೊಳಲಿನಲ್ಲಿ ನೈಟಿಂಗೇಲ್, ಓಬೋದಲ್ಲಿ ಲಾವಕ್ಕಿ, ಕ್ಲ್ಯಾರಿನೆಟ್‌ನಲ್ಲಿ ಕುಕೂ. ನಮ್ಮ ಕೋಗಿಲೆಯ ಕೂಗು ಮೇಲಕ್ಕೇರುತ್ತದೆ. ಯುರೋಪಿನ ಕುಕೂ ಎರಡು ಸ್ವರಗಳಲ್ಲಿ ಕೆಳಕ್ಕಿಳಿಯುತ್ತದೆ. ಇಷ್ಟು ಹೇಳಿದರೆ ಮಕ್ಕಳು ತಾವೇ ಗುರುತಿಸುತ್ತಾರೆ.

6. ಯಾವ ವಾದ್ಯ ಇನ್ನೂ ಬಾಯಿ ತೆರೆದಿಲ್ಲ ಎಂದು ಗಮನಿಸಿ

ಇದು ನನಗೆ ಅತ್ಯಂತ ಪ್ರಿಯವಾದ ಆಟ. ಮೊದಲ ಎರಡು ಭಾಗಗಳಲ್ಲಿ ಟ್ರಂಪೆಟ್ ಇಲ್ಲ. ಅದು ಬರುವುದು ಮೂರನೇ ಭಾಗದ ಕುಣಿತಕ್ಕೆ. ಟಿಂಪನಿ, ಪಿಕಲೋ ಇಡೀ ಸಿಂಫನಿಯಲ್ಲಿ ಬಿರುಗಾಳಿಗೆ ಮಾತ್ರ ಮೀಸಲು. ಟ್ರಾಂಬೋನ್‌ಗಳೂ ಅಲ್ಲಿಯೇ ಮೊದಲ ಬಾರಿ ದನಿಯೆತ್ತುತ್ತವೆ. ಗುಡುಗು ಅಷ್ಟು ಹತ್ತಿರ ಬಂದಂತೆ ಅನ್ನಿಸುವುದಕ್ಕೆ ಇದೇ ಕಾರಣ: ಅಷ್ಟು ಹೊತ್ತು ಕೂಡಿಟ್ಟುಕೊಂಡಿದ್ದ ನಾದವನ್ನು ಬೀಥೋವನ್ ಒಮ್ಮೆಗೇ ಬಿಡುತ್ತಾನೆ. ತಳದಲ್ಲಿ ಬಾಸ್‌ಗಳು ನಾಲ್ಕು ಸ್ವರ ನುಡಿಸುವಷ್ಟರಲ್ಲಿ ಚೆಲ್ಲೋಗಳು ಐದು ನುಡಿಸುತ್ತವೆ. ಎರಡೂ ಒಂದಕ್ಕೊಂದು ತಾಳೆಯಾಗದೆ ಕಲಸಿಕೊಂಡು ಗುಡುಗಿನ ಮೊರೆತವಾಗುತ್ತದೆ. ಇದನ್ನು ತಿಳಿದ ಮೇಲೂ ಪ್ರತಿ ಸಲ ನನ್ನ ಮೈ ಜುಮ್ಮೆನ್ನುತ್ತದೆ.

ಮೂರನೇ ಭಾಗದ ಬಸೂನನ್ನೂ ಮರೆಯಬೇಡಿ. ಹಳ್ಳಿಯ ಬ್ಯಾಂಡಿನಲ್ಲಿ ಎರಡು-ಮೂರು ಸ್ವರ ಮಾತ್ರ ಬಲ್ಲ ವಾದಕನಂತೆ ಅದು ಆಗಾಗ ಅಷ್ಟನ್ನೇ ನುಡಿಸಿ ಸುಮ್ಮನಾಗುತ್ತದೆ. ಬೀಥೋವನ್ ಅವನನ್ನು ಎಷ್ಟು ಅಕ್ಕರೆಯಿಂದ ಕಂಡಿದ್ದಾನೆ!

7. ಬರೆದವನ ಕಿವಿಯ ಕಥೆಯನ್ನು ಎರಡನೇ ಕೇಳ್ಮೆಗೆ ಮುಂಚೆ ಹೇಳಿ

1802ರ ಅಕ್ಟೋಬರ್‌ನಲ್ಲಿ, ವಿಯೆನ್ನಾ ಹೊರವಲಯದ ಹೈಲಿಗೆನ್‌ಸ್ಟಾಟ್‌ನಲ್ಲಿ, ಬೀಥೋವನ್ ತಮ್ಮಂದಿರಿಗೆಂದು ಒಂದು ಕಾಗದ ಬರೆದ. ಅದನ್ನು ಕಳಿಸಲೇ ಇಲ್ಲ. ಪಕ್ಕದಲ್ಲಿದ್ದವರಿಗೆ ದೂರದ ಕೊಳಲು ಕೇಳಿಸಿ ತನಗೆ ಕೇಳಿಸದೆ ಹೋದದ್ದು, ಕುರಿಗಾಹಿಯ ಹಾಡು ಕೇಳಿಸದೆ ಹೋದದ್ದು ಎಷ್ಟು ಅವಮಾನವೆನಿಸಿತು, ಸಾಯುವ ಯೋಚನೆಯವರೆಗೆ ಹೇಗೆ ತಳ್ಳಿತು ಎಂದು ಅದರಲ್ಲಿ ತೋಡಿಕೊಂಡಿದ್ದಾನೆ.

1808ರ ಡಿಸೆಂಬರ್ 22ರಂದು ವಿಯೆನ್ನಾದ ಥಿಯೇಟರ್ ಆ್ಯನ್ ಡೆರ್ ವೀನ್‌ನಲ್ಲಿ, ಕೊರೆಯುವ ಚಳಿಯಲ್ಲಿ ಸುಮಾರು ನಾಲ್ಕು ಗಂಟೆ ನಡೆದ ಕಛೇರಿಯಲ್ಲಿ ಪ್ಯಾಸ್ಟೋರಲ್ ಮೊದಲ ಬಾರಿ ನುಡಿಯಿತು. ಐದನೇ ಸಿಂಫನಿಯ ಮೊದಲ ಪ್ರದರ್ಶನವೂ ಅದೇ ರಾತ್ರಿ. ಪ್ಯಾಸ್ಟೋರಲ್‌ನಲ್ಲಿ ಗುಡುಗು ಹಿಂದೆ ಸರಿದ ಮೇಲೆ ಕೊಳಲು ಮೇಲಕ್ಕೇರುತ್ತದೆ, ಕ್ಲ್ಯಾರಿನೆಟ್ ಕುರಿಗಾಹಿಯ ಧಾಟಿಯನ್ನು ಶುರುಮಾಡುತ್ತದೆ, ಹಾರ್ನ್ ಅದಕ್ಕೆ ದೂರದಿಂದ ಓಗೊಡುತ್ತದೆ. ತನ್ನ ಕಿವಿಗೆ ಬೀಳದೆ ಹೋದ ಹಾಡನ್ನೇ ಬೀಥೋವನ್ ಇಲ್ಲಿ ಬರೆದ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಇದನ್ನು ಹೇಳಿ ಕೇಳಿಸಿದಾಗ ಕೋಣೆಯಲ್ಲಿ ಯಾರೂ ಮೊಬೈಲ್ ನೋಡುವುದಿಲ್ಲ.

8. ಒಂದೇ ರೆಕಾರ್ಡಿಂಗ್‌ಗೆ ಅಂಟಿಕೊಳ್ಳಬೇಡಿ, ಆದರೆ ಒಂದರಿಂದ ಶುರು ಮಾಡಿ

ನಾನು ಕೊಡುವುದು ಬ್ರೂನೊ ವಾಲ್ಟರ್ 1958ರಲ್ಲಿ, 80 ದಾಟಿದ ಮೇಲೆ, ಕೊಲಂಬಿಯಾ ಸಿಂಫನಿ ಆರ್ಕೆಸ್ಟ್ರಾದೊಡನೆ ಕ್ಯಾಲಿಫೋರ್ನಿಯಾದಲ್ಲಿ ಮಾಡಿದ ಮುದ್ರಣ. ಅಷ್ಟು ಮಮತೆ ಬೇರೆಡೆ ಸಿಗುವುದು ಕಷ್ಟ. ಕಾರ್ಲ್ ಬೋಮ್ 1971ರಲ್ಲಿ ವಿಯೆನ್ನಾ ಫಿಲ್ಹಾರ್ಮೋನಿಕ್ ಜೊತೆ ನಿಧಾನವಾಗಿ, ನಿಚ್ಚಳವಾಗಿ ನಡೆಸಿದ್ದಾರೆ. ಜಾನ್ ಎಲಿಯಟ್ ಗಾರ್ಡಿನರ್ ಅವರದು ಹಳೆಯ ಕಾಲದ ವಾದ್ಯಗಳು, ಚುರುಕು ನಡೆ.

ಮೈಸೂರಿನವರು ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾವನ್ನು ಕೇಳದೆ ಬಿಡಬಾರದು. 1945ರಲ್ಲಿ ವಾಲ್ಟರ್ ಲೆಗ್ ಲಂಡನ್ನಿನಲ್ಲಿ ಕಟ್ಟಿದ ಈ ವೃಂದಕ್ಕೆ ಯುದ್ಧಾನಂತರದ ಕಷ್ಟದ ದಿನಗಳಲ್ಲಿ ಹಣ ಕೊಟ್ಟು ಕೈಹಿಡಿದವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರ್. ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನು ರಚಿಸಿದ ಅದೇ ವಾಗ್ಗೇಯಕಾರರು! ಈ ವೃಂದದ ಎರಡು ಪ್ಯಾಸ್ಟೋರಲ್‌ಗಳನ್ನು ಒಂದರ ಹಿಂದೆ ಒಂದು ಕೇಳಿ: 1953ರ ಕರಾಯನ್, 1957ರ ಕ್ಲೆಂಪರರ್. ಕ್ಲೆಂಪರರ್ ಎರಡನೇ ಪಿಟೀಲುಗಳನ್ನು ಬಲಗಡೆ ಕೂರಿಸುತ್ತಿದ್ದರು, ಹಾಗಾಗಿ ಸ್ಟೀರಿಯೋದಲ್ಲಿ ಪಿಟೀಲುಗಳು ಎರಡೂ ಬದಿಯಿಂದ ಮಾತಾಡಿಕೊಳ್ಳುತ್ತವೆ. ಅವರ ಹಳ್ಳಿಗರ ಕುಣಿತ ತೀರಾ ನಿಧಾನ. ಕೆಲವರಿಗೆ ಹಿಡಿಸದು, ನನಗೆ ಇಷ್ಟ.

9. ನಂತರ ಬ್ರಾಮ್ಸ್, ಕೊನೆಗೆ ದ್ವೊರ್ಜಾಕ್

1877ರ ಬೇಸಿಗೆಯಲ್ಲಿ ಆಸ್ಟ್ರಿಯಾದಲ್ಲಿ ಸರೋವರದ ದಂಡೆಯ ಪ್ಯೋರ್ಚಾಕ್ ಊರಿನಲ್ಲಿ ಬ್ರಾಮ್ಸ್ ಬರೆದ ಎರಡನೇ ಸಿಂಫನಿಯನ್ನು ಬಿಸಿಲಿನ ಸಂಗೀತ ಎನ್ನುತ್ತಾರೆ. ಆದರೆ ಆರಂಭದಲ್ಲೇ ಟಿಂಪನಿ ಮೆಲ್ಲಗೆ ಉರುಳಿ, ಟ್ರಾಂಬೋನ್‌ಗಳು ತಗ್ಗಿದ ದನಿಯಲ್ಲಿ ಬರುವಾಗ ನೆರಳು ಹಾದುಹೋಗುತ್ತದೆ. ಆ ಜಾಗವನ್ನು ತೋರಿಸಿಕೊಡಿ. ದ್ವೊರ್ಜಾಕ್ 1889ರಲ್ಲಿ ಬೊಹೆಮಿಯಾದ ವಿಸೋಕಾ ಹಳ್ಳಿಯಲ್ಲಿ ಶುರು ಮಾಡಿದ ಎಂಟನೇ ಸಿಂಫನಿಯೂ ಹಾಗೆಯೇ. ಚೆಲ್ಲೋಗಳ ದುಗುಡದಿಂದ ಹೊರಟು, ಕೊಳಲಿನ ಹಕ್ಕಿದನಿಯಲ್ಲಿ ತೆರೆದುಕೊಳ್ಳುತ್ತದೆ. ಬರ್ಲಿನ್ ಫಿಲ್ಹಾರ್ಮೋನಿಕ್ ಜೊತೆ ರಫಾಯೆಲ್ ಕುಬೆಲಿಕ್ 1966ರಲ್ಲಿ ಮಾಡಿದ ಮುದ್ರಣ ಹಾಕಿ. ಕೊನೆಯ ಭಾಗಕ್ಕೆ ಟ್ರಂಪೆಟ್‌ಗಳು ಕರೆ ಕೊಟ್ಟಾಗ ಮಕ್ಕಳು ಎದ್ದು ಕುಣಿಯತೊಡಗಿದರೆ ತಡೆಯಬೇಡಿ.